ಲೀ ಚಿಂಗ್‌ಝಾವ್‌ಳ ಮೂರು ದೋಣಿಗಳು

ಬಾಳು ಬದಲಾದಂತೆ ಕವಿಯ ಶೈಲಿಯೂ ಬದಲಾಗುತ್ತದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಬದಲಾಗುವುದು ಏನು? ಪದಗಳೇ, ಪ್ರತಿಮೆಗಳೇ, ಅಥವಾ ಅವು ಹೊರುವ ಭಾರವೇ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವಳು ಚೀನದ ಸುಂಗ್ ಅರಸರ ಕಾಲದ ಕವಯಿತ್ರಿ ಲೀ ಚಿಂಗ್‌ಝಾವ್. ಆಕೆಯ ಭಾಷೆಯನ್ನು ನಾನರಿಯೆ. ಅನುವಾದಗಳ ಮೂಲಕವೇ ಆಕೆಯನ್ನು ಕಂಡವನು. ಅನುವಾದದಲ್ಲಿ ನಾದ ಅಳಿದರೂ ಪ್ರತಿಮೆ ಉಳಿಯುತ್ತದೆ. ನನ್ನ ಮಾತು ಪ್ರತಿಮೆಯನ್ನು ಕುರಿತದ್ದು.

1084ರಲ್ಲಿ ಷಾನ್‌ಡಾಂಗ್ ಸೀಮೆಯ ವಿದ್ವಾಂಸರ ಮನೆತನದಲ್ಲಿ ಹುಟ್ಟಿದ ಈಕೆ 1101ರಲ್ಲಿ ಝಾವ್ ಮಿಂಗ್‌ಚೆಂಗ್‌ನ ಕೈಹಿಡಿದಳು. ಹಳೆಯ ಗ್ರಂಥ, ಕಂಚಿನ ಪಾತ್ರೆ, ಶಾಸನಗಳ ಪಡಿಯಚ್ಚು ಇವುಗಳನ್ನು ಕೂಡಿಡುವುದೇ ದಂಪತಿಗಳ ವ್ಯಸನ. 1127ರಲ್ಲಿ ಜುರ್ಚೆನ್ ಜನ ರಾಜಧಾನಿ ಕೈಫೆಂಗನ್ನು ಸೂರೆಗೊಂಡರು. ಆ ವರ್ಷ 15 ಬಂಡಿ ಗ್ರಂಥಗಳು ದಕ್ಷಿಣಕ್ಕೆ ಸಾಗಿದವು. ಹಿಂದೆ ಉಳಿದವು ಬೆಂಕಿಗೆ ಆಹುತಿಯಾದವು. 1129ರಲ್ಲಿ ಪತಿ ತೀರಿಕೊಂಡ. 1132ರ ಮರುಮದುವೆ ಕೆಲವೇ ತಿಂಗಳಲ್ಲಿ ಮುರಿದುಬಿತ್ತು.

ಆಕೆಯ ಕೀರ್ತಿ ನಿಂತಿರುವುದು 'ತ್ಸು' ಎಂಬ ಪ್ರಕಾರದ ಮೇಲೆ. ಮೊದಲೇ ಇದ್ದ ಮಟ್ಟಿಗೆ ಹೊಂದಿಸಿ, ಆ ಮಟ್ಟು ವಿಧಿಸಿದ ಅಳತೆಯಲ್ಲೇ ಸಾಲುಗಳನ್ನು ಕಟ್ಟುವ ಹಾಡು ಅದು. ಅದರ ಲಕ್ಷಣವನ್ನು ಕುರಿತ ಪ್ರಬಂಧದಲ್ಲಿ ಸು ಷಿಯಂಥ ಮಹಾಕವಿಯನ್ನೂ ಆಕೆ ಬಿಡಲಿಲ್ಲ. ಪದ್ಯದ ಸಾಲುಗಳನ್ನು ಉದ್ದಗಿಡ್ಡ ಮಾಡಿದ ಮಾತ್ರಕ್ಕೆ ತ್ಸು ಆಗದೆಂಬುದು ಆಕೆಯ ವಾದ. ಇಷ್ಟು ಕಟ್ಟುನಿಟ್ಟಾದ ಚೌಕಟ್ಟಿನೊಳಗೇ ಶೈಲಿ ಹೇಗೆ ಬದಲಾಯಿತೆಂಬುದನ್ನು ಮೂರು ದೋಣಿಗಳು ತೋರಿಸುತ್ತವೆ.

ಮೊದಲನೆಯದು ಉಲ್ಲಾಸದ ದೋಣಿ. ಮದ್ಯದ ಅಮಲಿನಲ್ಲಿ ಮನೆಯ ದಾರಿ ತಪ್ಪಿ, ಮುಸ್ಸಂಜೆಯಲ್ಲಿ ತಾವರೆಗಳ ನಡುವೆ ಸಿಕ್ಕಿಕೊಂಡು, ದಡದ ಹಕ್ಕಿಗಳನ್ನು ಬೆಚ್ಚಿ ಹಾರಿಸುತ್ತದೆ. ಅಲ್ಲಿ ದುಃಖದ ಸುಳಿವೇ ಇಲ್ಲ. ಎರಡನೆಯದು ವಿರಹದ ದೋಣಿ. ತಾವರೆಯ ಕಂಪು ಇಳಿದಿದೆ, ಶರತ್ತು ಬಂದಿದೆ, ಆಕೆ ಒಬ್ಬಳೇ ದೋಣಿಯನ್ನೇರುತ್ತಾಳೆ. ದುಃಖಕ್ಕೆ ಅಲ್ಲಿ ಹುಬ್ಬು, ಎದೆ ಎಂಬ ನೆಲೆಗಳಿವೆ. ಅದು ಮೈಯೊಳಗಿನ, ಕಾಗದವೊಂದು ಬಂದರೆ ಕರಗಬಹುದಾದ ದುಃಖ. ಮೂರನೆಯ ದೋಣಿಯನ್ನು ಆಕೆ ಏರುವುದೇ ಇಲ್ಲ. ಜಿನ್‌ಹುವಾದ ಜೋಡಿ ತೊರೆಯಲ್ಲಿ ವಸಂತ ಇನ್ನೂ ಸೊಗಸಾಗಿದೆಯೆಂದು ಕೇಳಿ ಹೊರಡಲು ಮನಸ್ಸು ಮಾಡುತ್ತಾಳೆ. ಅಷ್ಟು ಪುಟ್ಟ ದೋಣಿ ತನ್ನ ದುಃಖವನ್ನು ಹೊರಲಾರದೆಂದು ಅಂಜುತ್ತಾಳೆ. ಈಗ ದುಃಖ ತೂಕವುಳ್ಳ ವಸ್ತು.

ಮತ್ತೊಂದು ಪ್ರಸಿದ್ಧ ಹಾಡು ಇದೇ ಜಾಡಿನಲ್ಲಿ ಇನ್ನೂ ಮುಂದೆ ಹೋಗುತ್ತದೆ. ಅದು ತೊಡಗುವುದು ಏಳು ಜೋಡಿಪದಗಳಿಂದ, ಅಂದರೆ 14 ಅಕ್ಷರಗಳಿಂದ. ಕಳೆದುಹೋದುದನ್ನು ಮನೆಯೆಲ್ಲ ತಡಕುವವರ ಗೊಣಗಿನಂತೆ ಆ ಮಾತುಗಳು ಮರುಕಳಿಸುತ್ತವೆಂದು ಬಲ್ಲವರು ಹೇಳುತ್ತಾರೆ. ಕೊನೆಗೆ ಆಕೆ, ಇದೆಲ್ಲಕ್ಕೂ 'ದುಃಖ' ಎಂಬ ಪದವೊಂದು ಸಾಕೇ ಎಂದು ಸಂದೇಹಪಡುತ್ತಾಳೆ. ಹೊರಲಾರದ ದೋಣಿ ಇಲ್ಲಿ ಪದವೇ ಆಗಿದೆ. ತನ್ನ ಸಾಧನವನ್ನೇ ಶಂಕಿಸುವ ಈ ಪ್ರಾಮಾಣಿಕತೆಯೇ ಆಕೆಯ ಪಕ್ವಶೈಲಿಯೆಂದು ನನ್ನ ಭಾವನೆ. ಅಲಂಕಾರ ಹೆಚ್ಚಿದುದರಿಂದ ಅದು ಬಂದುದಲ್ಲ. ಕೊನೆಯ ದೋಣಿಯೂ ಮೊದಲಿನದರಂತೆ ಬಳಕೆಯ ಮಾತಿಗೆ ಹತ್ತಿರವಾದ ನುಡಿಯಲ್ಲೇ ತೇಲುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆಕೆಯ ತ್ಸುಗಳ ಮೂಲಸಂಕಲನ ಕಳೆದುಹೋಗಿದೆ. ಉಳಿದಿರುವುದು ಸುಮಾರು 50 ಹಾಡು. ಅವುಗಳಲ್ಲೂ ಕೆಲವು ಆಕೆಯವೇ ಎಂಬುದು ಸಂದೇಹಾಸ್ಪದ. ಹೆಚ್ಚಿನವಕ್ಕೆ ಕಾಲನಿರ್ದೇಶವಿಲ್ಲ. ನಲಿವಿನವು ಹರೆಯದವು, ಅಳಲಿನವು ಮುಪ್ಪಿನವು ಎಂದು ವಿಂಗಡಿಸಿದವರು ನಂತರದ ಸಂಪಾದಕರು. ಶತ್ರುವಿಗೆ ಬೆನ್ನುಮಾಡಿದ ಆಳುವವರನ್ನು ಹಂಗಿಸುವಂಥ ಪದ್ಯಗಳನ್ನೂ ಇದೇ ಕೈ ಬರೆಯಿತೆಂಬುದು ಆ ವಿಂಗಡಣೆಯಲ್ಲಿ ಮರೆತುಹೋಗುತ್ತದೆ. ಜಿನ್‌ಹುವಾದ ಹಾಡಿಗೆ ಮಾತ್ರ ಒಂದು ಆಧಾರವಿದೆ: 1135ರ ಸುಮಾರಿಗೆ ಆಕೆ ಆ ಊರಿನಲ್ಲಿ ಆಶ್ರಯ ಪಡೆದಿದ್ದಳು.

ಇದನ್ನು ತಿಳಿದ ಮೇಲೆ ಮೊದಲ ದೋಣಿಯ ಹಾಡನ್ನು ಮತ್ತೆ ತೆರೆದೆ. ನಾನು ಗಮನಿಸದೆ ದಾಟಿದ್ದ ಒಂದು ಸಂಗತಿ ಅಲ್ಲಿತ್ತು: ಆ ಹಾಡು ತೊಡಗುವುದೇ ನೆನಪು ಎಂಬ ಮಾತಿನಿಂದ. ಆ ಸಂಜೆ ಕಳೆದು ಎಷ್ಟು ಕಾಲಕ್ಕೆ ಅದನ್ನು ಬರೆದಳು? ತಿಂಗಳು ಕಳೆದೋ, ಎಲ್ಲವನ್ನೂ ಕಳೆದುಕೊಂಡ ಮೇಲೋ? ಹಾಡು ಹೇಳುವುದಿಲ್ಲ. ಅಂದಿನಿಂದ ತಾವರೆಗಳ ನಡುವಿನ ಆ ನಗು ನನ್ನ ಕಿವಿಗೆ ಮೊದಲಿನಷ್ಟು ಹಗುರವಾಗಿ ಕೇಳಿಸುತ್ತಿಲ್ಲ.