ಸಾಕೆಟ್ಟಿನ ಸಮ-ಬೆಸ

ಫೈಲು ಸಾಗಿಸುವ ಎಫ್‌ಟಿಪಿಗೆ 21, ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸುವ ಟೆಲ್ನೆಟ್ಟಿಗೆ 23, ಇಮೇಲಿಗೆ 25. ಇಂಟರ್ನೆಟ್ಟಿನ ಹಳೆಯ ಸೇವೆಗಳ ಪೋರ್ಟ್ ಸಂಖ್ಯೆಗಳನ್ನು, ಅಂದರೆ ಅವುಗಳ ಬಾಗಿಲಿನ ನಂಬರುಗಳನ್ನು, ಸಾಲಾಗಿ ಬರೆದರೆ ಹೆಚ್ಚಿನವು ಬೆಸ. ಸಮ ಸಂಖ್ಯೆಗಳು ಎಲ್ಲಿ ಹೋದವು?

ಉತ್ತರ 1970ರಲ್ಲಿದೆ. ಅಮೆರಿಕದ ಅರ್ಪಾನೆಟ್ ಜಾಲಕ್ಕೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಸ್ಟೀವ್ ಕ್ರಾಕರ್, ಸ್ಟೀಫನ್ ಕಾರ್, ವಿಂಟ್ ಸರ್ಫ್ ಸೇರಿ ಫೆಬ್ರವರಿಯಲ್ಲಿ ಒಂದು ಟಿಪ್ಪಣಿ ಬರೆದರು. ಆರ್‌ಎಫ್‌ಸಿ 33 ಎಂದು ಅದರ ಹೆಸರು. ಸಂಪರ್ಕದ ಒಂದೊಂದು ತುದಿಯನ್ನು ಅವರು ಸಾಕೆಟ್ ಎಂದು ಕರೆದರು. ನಮ್ಮ ಮನೆಯ ಗೋಡೆಯಲ್ಲಿ ಪ್ಲಗ್ ಚುಚ್ಚುವ ಸಾಕೆಟ್ಟಿನ ಹೆಸರೇ. ಆದರೆ ಈ ಸಾಕೆಟ್ಟಿನಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಸಮ ಸಂಖ್ಯೆಯದು ಕೇಳಿಸಿಕೊಳ್ಳಲು, ಬೆಸ ಸಂಖ್ಯೆಯದು ಹೇಳಲು. ಸಂವಾದ ಬೇಕೆಂದರೆ ಜೋಡಿ ಬೇಕು.

ಮುಂದೆ ಬಂದ ಟಿಸಿಪಿ ಎಂಬ ಸಂವಹನ ನಿಯಮಾವಳಿ ಒಂದೇ ಸಂಪರ್ಕದಲ್ಲಿ ಎರಡೂ ಕಡೆಯ ಮಾತನ್ನು ಹಿಡಿಸಿತು. 1983ರ ಜನವರಿ 1ರಂದು ಅರ್ಪಾನೆಟ್ ಅದಕ್ಕೆ ಬದಲಾಯಿತು. ಹಳೆಯ ಸೇವೆಗಳ ಬೆಸ ಸಾಕೆಟ್ ಸಂಖ್ಯೆ ಪೋರ್ಟ್ ಸಂಖ್ಯೆಯಾಗಿ ಉಳಿಯಿತು, ಜೊತೆಗಿದ್ದ ಸಮ ಸಂಖ್ಯೆಗೆ ಕೆಲಸವಿಲ್ಲದಾಯಿತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೇರೆಯದೇ ತಲೆನೋವು. ಅಲ್ಲಿ ಬಳಸುತ್ತಿದ್ದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಲ್ಲವನ್ನೂ ಫೈಲಿನಂತೆ ಕಾಣುವುದು ರೂಢಿ: ಓಪನ್, ರೀಡ್, ರೈಟ್, ಕ್ಲೋಸ್. ದೂರದ ಯಂತ್ರವನ್ನೂ ಹಾಗೆಯೇ ‘ಓಪನ್’ ಮಾಡಲಾದೀತೇ? ಫೈಲು ಇಟ್ಟಲ್ಲೇ ಇರುತ್ತದೆ, ತೆರೆದರೆ ಸಾಕು. ಜಾಲದಲ್ಲಿ ಹಾಗಲ್ಲ. ಒಬ್ಬರು ಕಾದಿರಬೇಕು, ಇನ್ನೊಬ್ಬರು ಕರೆಯಬೇಕು; ಕರೆ ಬಂದೀತು, ಬಾರದೆಯೂ ಇದ್ದೀತು. ಬಿಬಿಎನ್ ಸಂಸ್ಥೆ ಬರೆದುಕೊಟ್ಟಿದ್ದ ಟಿಸಿಪಿ ಕೋಡನ್ನು ತಿದ್ದಿ ತೀಡುತ್ತಿದ್ದ ಬಿಲ್ ಜಾಯ್ ಮತ್ತು ಜೊತೆಗಾರರು ರೀಡ್, ರೈಟ್‌ಗಳನ್ನು ಉಳಿಸಿಕೊಂಡು ಓಪನ್ ಅನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದದ್ದು ಒಂದು ಸಂಸಾರವೇ: ತುದಿಯನ್ನು ಹುಟ್ಟಿಸಲು ಸಾಕೆಟ್, ವಿಳಾಸ ಅಂಟಿಸಲು ಬೈಂಡ್, ಕಿವಿಗೊಟ್ಟು ಕೂರಲು ಲಿಸನ್, ಬಂದವರನ್ನು ಒಳಗೆ ಕರೆಯಲು ಆಕ್ಸೆಪ್ಟ್, ಹೋಗಿ ಬಾಗಿಲು ತಟ್ಟಲು ಕನೆಕ್ಟ್. 1983ರ ಆಗಸ್ಟಿನಲ್ಲಿ 4.2ಬಿಎಸ್‌ಡಿ ಹೆಸರಿನಲ್ಲಿ ಇದೆಲ್ಲ ಹೊರಬಂತು.

ಇಷ್ಟೊಂದು ರಗಳೆ ಬೇಕಿತ್ತೇ? ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನವರು ಬೇರೆ ದಾರಿಯನ್ನೇ ತೋರಿಸಿದರು. ಅವರ ‘ಪ್ಲ್ಯಾನ್ 9’ ವ್ಯವಸ್ಥೆಯಲ್ಲಿ ಜಾಲವೂ ಒಂದು ಫೋಲ್ಡರು. ಅದರೊಳಗಿನ ‘ಕ್ಲೋನ್’ ಫೈಲನ್ನು ತೆರೆದರೆ ಹೊಸ ಸಂಪರ್ಕ ಸಿಗುತ್ತಿತ್ತು. ಸೊಗಸು ಅದರದೇ, ಗೆಲುವು ಬರ್ಕ್ಲಿಯದು. 1993ರಲ್ಲಿ ‘ವಿನ್‌ಸಾಕ್’ ಎಂಬ ಹೆಸರು ಹೊತ್ತು ಬರ್ಕ್ಲಿಯ ಮಾದರಿ ವಿಂಡೋಸ್‌ಗೂ ಕಾಲಿಟ್ಟಿತು.

1996ರಲ್ಲಿ ಬಂದ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಈ ಕರೆಗಳನ್ನೆಲ್ಲ ‘ಸಾಕೆಟ್’ ಎಂಬ ಕ್ಲಾಸಿನೊಳಗೆ ಮುಚ್ಚಿಟ್ಟು ಕೆಲಸ ಹಗುರ ಮಾಡಿತು. ಒಂದೇ ಕೊರತೆ. ಆಚೆಯಿಂದ ಮಾತು ಬರುವವರೆಗೂ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಸಾಗುವ ಕೆಲಸದ ಎಳೆ, ಸುಮ್ಮನೆ ನಿಂತಿರಬೇಕು, ಆದ್ದರಿಂದ ಪ್ರತಿ ಸಂಪರ್ಕಕ್ಕೂ ಒಂದು ಥ್ರೆಡ್ ಬೇಕು. ಮದುವೆಮನೆಯಲ್ಲಿ ಒಲೆಗೊಬ್ಬರಂತೆ ಭಟ್ಟರನ್ನು ಕರೆಸಿದ ಹಾಗೆ. ಹತ್ತು ಒಲೆಗೆ ಸರಿ, ಹತ್ತು ಸಾವಿರಕ್ಕೆ? 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಪ್ರೋಗ್ರಾಮರ್ ಇದಕ್ಕೆ ‘ಸಿ10ಕೆ’ ಸಮಸ್ಯೆ ಎಂದು ಹೆಸರಿಟ್ಟ: ಒಂದೇ ಸರ್ವರು ಏಕಕಾಲಕ್ಕೆ 10,000 ಜನರನ್ನು ಸುಧಾರಿಸುವುದು ಹೇಗೆ?

ಒಬ್ಬರೇ ಭಟ್ಟರು ಎಲ್ಲ ಒಲೆ ನೋಡಿಕೊಳ್ಳುವ ಉಪಾಯ ಬರ್ಕ್ಲಿಯ ಪೆಟ್ಟಿಗೆಯಲ್ಲೇ ಇತ್ತು. ಅದರ ಹೆಸರು ‘ಸೆಲೆಕ್ಟ್’. ಆದರೆ ಅದು ಪ್ರತಿ ಸಲವೂ ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ಇಣುಕುವ ಕ್ರಮ. 2000ದಲ್ಲಿ ಫ್ರೀಬಿಎಸ್‌ಡಿಯ ‘ಕೆ-ಕ್ಯೂ’, 2002ರಲ್ಲಿ ಲಿನಕ್ಸ್‌ನ ‘ಇ-ಪೋಲ್’ ಬಂದ ಮೇಲೆ ಪಾತ್ರೆಗಳ ಜಾಗಕ್ಕೆ ಕುಕ್ಕರುಗಳು ಬಂದಂತಾಯಿತು. ಯಾವುದು ಬೆಂದಿದೆಯೋ ಅದೇ ಸೀಟಿ ಹಾಕುತ್ತದೆ.

ಜಾವಾ ಎಚ್ಚೆತ್ತದ್ದು 2002ರ ಫೆಬ್ರವರಿಯಲ್ಲಿ, 1.4ನೇ ಆವೃತ್ತಿಯಲ್ಲಿ. ಹೊಸ ಲೈಬ್ರರಿಯಲ್ಲಿ ಸಂಪರ್ಕಕ್ಕೆ ‘ಸಾಕೆಟ್‌ಚಾನೆಲ್’ ಎಂಬ ಹೆಸರು, ಹಲವು ಚಾನೆಲ್‌ಗಳ ಮೇಲೆ ಕಣ್ಣಿಡಲು ‘ಸೆಲೆಕ್ಟರ್’. ಚಾನೆಲನ್ನು ಪಡೆಯುವ ಕರೆ ಯಾವುದು ಗೊತ್ತೇ? ಓಪನ್! ಬರ್ಕ್ಲಿಯವರು ಹತ್ತೊಂಬತ್ತು ವರ್ಷಗಳ ಹಿಂದೆ ಕೈಬಿಟ್ಟಿದ್ದ ಪದ ಹಿಂಬಾಗಿಲಿಂದ ಒಳಗೆ ಬಂದಿತ್ತು. ಆದರೆ ಅರ್ಥ ಅದೇ ಆಗಿರಲಿಲ್ಲ. ವಿಳಾಸ ಕೊಡದೆ ಓಪನ್ ಮಾಡಿದ ಚಾನೆಲ್ ತೆರೆದಿರುತ್ತದೆ, ಯಾರ ಜೊತೆಗೂ ಸೇರಿರುವುದಿಲ್ಲ. ಆಗಲೇ ಓದಲು ಹೋದರೆ ‘ಇನ್ನೂ ಸಂಪರ್ಕವಾಗಿಲ್ಲ’ ಎಂದು ದೋಷ ಎಸೆಯುತ್ತದೆ. ಕಾಯದೆ ನಡೆಯುವ ಕ್ರಮದಲ್ಲಿ ‘ಕನೆಕ್ಟ್’ ಎಂದರೂ ಮುಗಿಯಲಿಲ್ಲ. ಕರೆ ಹೊರಟಿದೆ ಎಂದಷ್ಟೇ ಅರ್ಥ, ‘ಫಿನಿಶ್‌ಕನೆಕ್ಟ್’ ಎಂದು ಮತ್ತೆ ವಿಚಾರಿಸಬೇಕು. ಇದರ ಮೇಲೆ ಮಾಹಿತಿಯನ್ನು ತಾತ್ಕಾಲಿಕವಾಗಿ ತುಂಬಿಡುವ ಬಫರಿನ ಕಾಟ. ಅದಕ್ಕೆ ತುಂಬಿದ್ದನ್ನು ಓದುವ ಮೊದಲು ‘ಫ್ಲಿಪ್’ ಮಾಡಲು ಮರೆತು ಕಂಗಾಲಾಗದ ಜಾವಾ ಕಲಿಯುವವರು ವಿರಳ. ಈ ಗೋಜಲನ್ನು ಮರೆಮಾಡಲೆಂದೇ ದಕ್ಷಿಣ ಕೊರಿಯಾದ ಟ್ರಸ್ಟಿನ್ ಲೀ ‘ನೆಟ್ಟಿ’ ಎಂಬ ಲೈಬ್ರರಿ ಬರೆದದ್ದು.

ಅಷ್ಟು ಸುತ್ತಿದ ಮೇಲೆ ಜಾವಾ ಹೊರಟಲ್ಲಿಗೇ ಬಂದಿದೆ. 2019ರಲ್ಲಿ ಹಳೆಯ ‘ಸಾಕೆಟ್’ ಕ್ಲಾಸಿನ ಒಳಭಾಗವನ್ನು ಹೊಸದಾಗಿ ಬರೆದರು. 2023ರ ಜಾವಾ 21ರಲ್ಲಿ ಬಂದ ವರ್ಚುವಲ್ ಥ್ರೆಡ್‌ಗಳು ಎಷ್ಟು ಅಗ್ಗವೆಂದರೆ ಮತ್ತೆ ಒಲೆಗೊಬ್ಬ ಭಟ್ಟರನ್ನು ನಿಲ್ಲಿಸಬಹುದು. ಸೀಟಿ ಕೇಳಿಸಿಕೊಳ್ಳುವ ಕೆಲಸ ಒಳಗೊಳಗೇ ನಡೆಯುತ್ತದೆ. ಪ್ರೋಗ್ರಾಮರ್ 1996ರವರ ಹಾಗೆಯೇ ನೆಟ್ಟಗೆ ಕೋಡು ಬರೆದರಾಯಿತು.

ಇನ್ನು ಆ ಸಮ ಸಂಖ್ಯೆಗಳ ವಿಷಯ. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ಟೆಲ್ನೆಟ್ ಮತ್ತು ಎಫ್‌ಟಿಪಿಗಳ ಬದಲಿಗೆ ಸುರಕ್ಷಿತವಾದ ಎಸ್‌ಎಸ್‌ಎಚ್ ಬರೆದ. ಅದಕ್ಕೊಂದು ಪೋರ್ಟ್ ಬೇಕಿತ್ತು. ಎಫ್‌ಟಿಪಿಯ 21 ಮತ್ತು ಟೆಲ್ನೆಟ್ಟಿನ 23ರ ನಡುವಿನ ಸಂಖ್ಯೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಸಂಖ್ಯೆ ಹಂಚುವವರಿಗೆ ಇಮೇಲ್ ಬರೆದು ಕೇಳಿದ, ಕೊಟ್ಟರು. ಇಂದು ಸರ್ವರ್ ನೋಡಿಕೊಳ್ಳುವವರು ದಿನವೂ ತಟ್ಟುವ ಬಾಗಿಲು ಅದೇ, 22.