ಮಳೆನಾಡಿನಲ್ಲಿ ಮೊಟ್ಟೆಗೆ ಕಾವು

ಕಕ್ಕಡ ಮಾಸದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವೆ, ಭಾಗಮಂಡಲವನ್ನು ಕಂಡವರಿಗೆ ತೇವವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾವೇರಿ-ಕನ್ನಿಕೆಯರ ಸಂಗಮ ತುಂಬಿ ಹರಿಯುತ್ತಿರುತ್ತದೆ. ಹರವಿದ ಬಟ್ಟೆ ದಿನಗಟ್ಟಲೆ ಒಣಗದು. ಇಂತಹ ಊರಿನಲ್ಲಿ ಮರಿಮಾಡುವ ಪೆಟ್ಟಿಗೆಯೊಳಗೆ ನೀರಿನ ತಟ್ಟೆಯೇಕೆಂದು ಮನೆಯವರು ಕೇಳಿದರೆ ಆಶ್ಚರ್ಯವಿಲ್ಲ.

ಗಾಳಿಯ ಸ್ವಭಾವವೇ ವಿಚಿತ್ರ. ಹೊರಗೆ 22 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೂರಕ್ಕೆ 95ರಷ್ಟು ಆರ್ದ್ರತೆಯಿದ್ದ ಗಾಳಿಯನ್ನು ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿಗೆ ಕಾಯಿಸಿದರೆ, ಆರ್ದ್ರತೆ 40ರ ಸುಮಾರಿಗೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಲಿಲ್ಲ. ಬಿಸಿಯಾದ ಗಾಳಿಯ ದಾಹ ಹೆಚ್ಚಿತು, ಅಷ್ಟೆ. ಕೋಳಿಮೊಟ್ಟೆಗೆ ಮೊದಲ 18 ದಿನ ಬೇಕಾದುದು 45ರಿಂದ 50. ಆದುದರಿಂದ ಮಳೆಗಾಲದಲ್ಲಿ ಸಣ್ಣ ಬಟ್ಟಲು ನೀರು ಸಾಕು. ಅದೇ ಪೆಟ್ಟಿಗೆಯನ್ನು ಮಾರ್ಚ್ ತಿಂಗಳ ಬೆಂಗಳೂರಿಗೆ ಒಯ್ದರೆ ಅಗಲವಾದ ತಟ್ಟೆಯೇ ಬೇಕು. ಇಲ್ಲಿ ನೀರಿನ ಆಳಕ್ಕಿಂತ ಅಗಲವೇ ಮುಖ್ಯ.

ಮನೆಯಲ್ಲಿ ಸೂಕ್ಷ್ಮವಾದ ತಕ್ಕಡಿಯಿದ್ದರೆ ಇನ್ನೂ ಒಳ್ಳೆಯದು. 50 ಗ್ರಾಂ ಮೊಟ್ಟೆ ಈ 18 ದಿನಗಳಲ್ಲಿ ಸುಮಾರು 6 ಗ್ರಾಂ ಕಳೆದುಕೊಳ್ಳಬೇಕು. ಕಡಿಮೆ ಕಳೆದುಕೊಂಡರೆ ಒಳಗಿನ ಗಾಳಿಗೂಡು ಚಿಕ್ಕದಾಗಿ, ಚಿಪ್ಪೊಡೆಯುವ ಮುನ್ನವೇ ಮರಿ ಉಸಿರುಕಟ್ಟಿ ಸಾಯುವುದುಂಟು. ಹೆಚ್ಚಾದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುವುದು. ಕೊನೆಯ 3 ದಿನ ಮೊಟ್ಟೆಗಳನ್ನು ಹೊರಳಿಸದೆ, ಆರ್ದ್ರತೆಯನ್ನು 65-70ಕ್ಕೆ ಏರಿಸಬೇಕು. ಆಗ ಮುಚ್ಚಳ ತೆರೆದು ಇಣುಕುವ ಮಕ್ಕಳನ್ನು ದೂರವಿಡುವುದೇ ದೊಡ್ಡ ಕೆಲಸ!

ಇನ್ನು, ಗಾಳಿಮಳೆಗೆ ಕರೆಂಟು ಹೋದರೆ? ಗಾಳಿಕಿಂಡಿಯನ್ನು ಮುಚ್ಚದಂತೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಬರಿಯಾಗದೆ ಕಾಯಿರಿ. ಅತಿಯಾದ ಬಿಸಿಯನ್ನು ತಾಳದ ಮೊಟ್ಟೆ, ಸ್ವಲ್ಪ ಹೊತ್ತಿನ ತಂಪನ್ನು ತಾಳಿಕೊಳ್ಳುತ್ತದೆ. ಕಾವು ಕುಳಿತ ಹೇಂಟೆಯೂ ದಿನಕ್ಕೊಮ್ಮೆ ಮೇವಿಗೆಂದು ಎದ್ದುಹೋಗುವುದಿಲ್ಲವೆ?