ಡ್ರಿಲ್ ಹೆದರಿಕೆಗೆ ಲೇಸರ್ ಮದ್ದಾ?

ಅಂಕೋಲಾದ ನಮ್ಮ ಮದ್ರಸದ ಹತ್ತು ವರ್ಷದ ಹುಡುಗನೊಬ್ಬ ಒಂದು ವಾರ ಬಲಗೆನ್ನೆ ಹಿಡಿದುಕೊಂಡೇ ಪಾಠ ಒಪ್ಪಿಸಿದ. ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲಲ್ಲಿ ಕಪ್ಪು ಗುಂಡಿ. ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಉಸ್ತಾದ್, ಆ ಮೆಶಿನ್ ಶಬ್ದ ಹೆದರಿಕೆ" ಅಂದ. ಅವನ ತಂದೆ ಮೊಬೈಲಲ್ಲಿ ಲೇಸರ್ ಚಿಕಿತ್ಸೆಯ ವಿಡಿಯೋ ನೋಡಿದ್ದರು. ಅದನ್ನೇ ಮಾಡಿಸೋಣ ಅಂತ ಮೂವರೂ ಕಾರವಾರದ ದಂತವೈದ್ಯರೊಬ್ಬರ ಹತ್ತಿರ ಹೋದೆವು.

ಅಲ್ಲಿ ನನಗೆ ಗೊತ್ತಾದದ್ದು, ಲೇಸರ್ ಅಂದರೆಲ್ಲ ಒಂದೇ ಅಲ್ಲ. ಸಣ್ಣ ಕ್ಲಿನಿಕ್‌ಗಳಲ್ಲಿ ಇರುವುದು ಹೆಚ್ಚಾಗಿ ಡಯೋಡ್ ಲೇಸರ್. ಅದು ಒಸಡಿನ ಕೆಲಸಕ್ಕೆ, ಹಲ್ಲು ಕೊರೆಯಲು ಆಗುವುದಿಲ್ಲ. ಹುಳುಕು ತೆಗೆಯಲು ಎರ್ಬಿಯಂ ಲೇಸರ್ ಬೇಕು. ಅದರ ಕಿರಣವನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಲ್ಲಿನೊಳಗಿನ ನೀರಿನಂಶ ಒಮ್ಮೆಲೇ ಆವಿಯಾಗಿ ಸಿಡಿದು ಹುಳುಕಿನ ಭಾಗ ಚೂರುಚೂರಾಗಿ ಉದುರುತ್ತದೆ. ಹುಳುಕಿನಲ್ಲಿ ಗಟ್ಟಿ ಹಲ್ಲಿಗಿಂತ ನೀರು ಜಾಸ್ತಿ, ಹಾಗಾಗಿ ಅದೇ ಮೊದಲು ಹೋಗುತ್ತದೆ. ಬಿಸಿಯಾಗದಂತೆ ನೀರು ಚಿಮ್ಮುತ್ತಾ ಇರುತ್ತದೆ. ಡ್ರಿಲ್ಲಿನ ನಡುಕ ಇಲ್ಲ, ಗರ್ ಶಬ್ದದ ಬದಲು ಟಪ್ ಟಪ್. ಎಷ್ಟೋ ಜನರಿಗೆ ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ, ಎಲ್ಲರಿಗೂ ಹಾಗಲ್ಲ.

ಇದು ನಿನ್ನೆ ಮೊನ್ನೆಯದಲ್ಲ. 1965ರಲ್ಲೇ ಅಮೆರಿಕದ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ದಂತವೈದ್ಯನಾಗಿದ್ದ ತನ್ನ ಸಹೋದರನ ಹಲ್ಲಿನ ಮೇಲೆ ಲೇಸರ್ ಬಿಟ್ಟು ನೋಡಿದ್ದರು. (ಸಹೋದರ ಬಾಯಿ ತೆರೆದು ಕೂತದ್ದೇ ದೊಡ್ಡದು!) ಆ ಕಾಲದ ಲೇಸರ್ ಹಲ್ಲನ್ನು ಬಿಸಿ ಮಾಡುತ್ತಿತ್ತು. ಎರ್ಬಿಯಂ ಬಂದ ಮೇಲೆ 1997ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಆದರೆ ಲೇಸರ್ ಗುಂಡಿ ತುಂಬಿಸುವುದಿಲ್ಲ, ಫಿಲ್ಲಿಂಗ್ ಹೇಗೂ ಬೇಕು. ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆಯಲು ಇದು ಆಗದು. ನರದವರೆಗೆ ಇಳಿದ ಹುಳುಕಿಗೆ ರೂಟ್ ಕೆನಾಲೇ ಗತಿ. ಕೆಲಸ ನಿಧಾನ, ಯಂತ್ರ ದುಬಾರಿ, ಬಿಲ್ಲೂ ಹಾಗೆಯೇ. ಬೇಕೇಬೇಕು ಅನ್ನುವವರು ಧಾರವಾಡ, ಮಣಿಪಾಲ ಅಥವಾ ಗೋವಾದ ಡೆಂಟಲ್ ಕಾಲೇಜುಗಳಿಗೆ ಫೋನ್ ಮಾಡಿ "ಹಲ್ಲಿನ ಲೇಸರೋ, ಒಸಡಿನದೋ" ಅಂತ ಕೇಳಿಯೇ ಬಸ್ ಹತ್ತಿ.

ರಂಝಾನಿನಲ್ಲಿ ಹಲ್ಲು ತೋರಿಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಲೇಸರ್ ಆದರೂ ಬಾಯಿಗೆ ನೀರು ಬೀಳುತ್ತದೆ, ಗಂಟಲಿಗೆ ಇಳಿಯುವ ಭಯ ಇದ್ದರೆ ಇಫ್ತಾರ್ ನಂತರದ ಸಮಯ ಕೇಳಿಕೊಳ್ಳಿ. ತಡೆಯಲಾರದ ನೋವಾದರೆ ಕಾಯಬೇಡಿ.

ಹುಡುಗನಿಗೆ ಕೊನೆಗೆ ಮಾಡಿದ್ದು ಸಾದಾ ಡ್ರಿಲ್ಲೇ. ಡಾಕ್ಟರು ಮೊದಲು ಒಸಡಿಗೆ ಮದ್ದು ಹಚ್ಚಿ ಆಮೇಲೆ ಇಂಜೆಕ್ಷನ್ ಕೊಟ್ಟರು. ನೋವಾದರೆ ಕೈ ಎತ್ತು ಅಂದಿದ್ದರು, ಒಂದು ಸಲ ಮಾತ್ರ ಎತ್ತಿದ. ಎಡಗಡೆ ಇನ್ನೊಂದು ಹಲ್ಲಿದೆ, ಶನಿವಾರ ಹೋಗಬೇಕು. ಬಸ್ಸಿನ ಕಿಟಕಿ ಸೀಟು ತನಗೇ ಅಂತ ಈಗಲೇ ಹೇಳಿಟ್ಟಿದ್ದಾನೆ.